ಒಂದು ಮಿಲಿಮೀಟರಿನ ಆಳ: ಸ್ಟೀರಿಯೊ ಚಿತ್ರಗಳಿಗಾಗಿ ಸ್ಲೈಡ್ ಮೌಂಟುಗಳನ್ನು ತಿದ್ದುವ ಬಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರನ್ನು ಎಷ್ಟೇ ಒಳ್ಳೆಯ ಕ್ಯಾಮೆರಾದಿಂದ ತೆಗೆದರೂ ಚಿತ್ರದಲ್ಲಿ ಆ ಬಾಗು ಸಿಗುವುದಿಲ್ಲ. ವಿಗ್ರಹವು ಗೋಡೆಯಿಂದ ಎಷ್ಟು ಹೊರಚಾಚಿದೆ, ತಲೆಯ ಮೇಲಿನ ಬಳ್ಳಿಯ ಕಮಾನಿಗೂ ಅದರ ಹಿಂದಿನ ಕಲ್ಲಿಗೂ ನಡುವೆ ಎಷ್ಟು ಟೊಳ್ಳು ಕೊರೆದಿದ್ದಾರೆ ಎಂಬುದನ್ನು ನೆರಳಿನಿಂದ ಊಹಿಸಿಕೊಳ್ಳಬೇಕಷ್ಟೆ. ಅದೇ ದೃಶ್ಯವನ್ನು ಎರಡು ಕಣ್ಣುಗಳ ನಡುವಿನ ಅಂತರದಷ್ಟು, ಎಂದರೆ ಸುಮಾರು 65 ಮಿ.ಮೀ. ಪಕ್ಕಕ್ಕೆ ಸರಿದು ಎರಡು ಬಾರಿ ತೆಗೆದು, ಎಡಚಿತ್ರವನ್ನು ಎಡಗಣ್ಣಿಗೆ ಮಾತ್ರ, ಬಲಚಿತ್ರವನ್ನು ಬಲಗಣ್ಣಿಗೆ ಮಾತ್ರ ತೋರಿಸಿದರೆ ಆ ಟೊಳ್ಳು ಊಹೆಯ ಹಂಗಿಲ್ಲದೆ ಕಾಣುತ್ತದೆ. ಇಂಥ ಜೋಡಿಚಿತ್ರಕ್ಕೇ ಸ್ಟೀರಿಯೊ ಎನ್ನುವುದು. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ಕನ್ನಡಿಗಳ ಸಾಧನವೊಂದರಿಂದ ವಿವರಿಸಿದ ತತ್ತ್ವ ಇದು. ಛಾಯಾಗ್ರಹಣದ ಸುದ್ದಿ ಲೋಕಕ್ಕೆ ತಿಳಿದದ್ದು ಅದರ ಮರುವರ್ಷವಾದುದರಿಂದ ಆತ ಮೊದಲು ಬಳಸಿದ್ದು ಕೈಯಲ್ಲಿ ಬರೆದ ರೇಖಾಚಿತ್ರಗಳನ್ನು.

ಸ್ಲೈಡ್ ಫಿಲ್ಮಿನಲ್ಲಿ, ಎಂದರೆ ತೊಳೆದಾಗ ನೇರವಾಗಿ ಪಾರದರ್ಶಕ ಚಿತ್ರವೇ ಸಿಗುವ ಫಿಲ್ಮಿನಲ್ಲಿ, ಇಂಥ ಜೋಡಿಗಳನ್ನು ತೆಗೆಯುವವರು ಸಾಮಾನ್ಯವಾಗಿ ತಮ್ಮ ಗಮನವನ್ನೆಲ್ಲ ಕ್ಯಾಮೆರಾದ ಮೇಲೆ ಇಡುತ್ತಾರೆ. ಎರಡು ಕ್ಯಾಮೆರಾಗಳನ್ನು ಒಂದೇ ಪಟ್ಟಿಯ ಮೇಲೆ ಜೋಡಿಸುವುದು, ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತುವುದು, ಅಥವಾ ಒಂದೇ ಕ್ಯಾಮೆರಾ ಹಿಡಿದು ದೇಹದ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಹಾಕಿ ಎರಡನೆಯ ಚಿತ್ರ ತೆಗೆಯುವುದು, ಇವೆಲ್ಲ ಚರ್ಚೆಯಾಗುತ್ತವೆ. ಫಿಲ್ಮ್ ತೊಳೆದು ಬಂದ ಮೇಲೆ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಿನ, ಎಂದರೆ ಮೌಂಟಿನ, ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಜೋಡಿಯೊಂದು ನೋಡಲು ಹಿತವಾಗುವುದು ಅಥವಾ ತಲೆನೋವು ತರಿಸುವುದು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಚೌಕಟ್ಟಿನಲ್ಲಿಯೇ. ಅದಕ್ಕೆ ಕಾರಣ ಲೆಕ್ಕದಲ್ಲಿದೆ.

ಲೆಕ್ಕ ಹೀಗೆ: 50 ಮಿ.ಮೀ. ಲೆನ್ಸಿನಿಂದ, 65 ಮಿ.ಮೀ. ಸರಿದು, 3 ಮೀಟರ್ ದೂರದ ಶಿಲ್ಪವೊಂದರ ಎರಡು ಚಿತ್ರಗಳನ್ನು ತೆಗೆದೆವು ಎಂದುಕೊಳ್ಳೋಣ. ಶಿಲ್ಪದ ಪಕ್ಕದಲ್ಲಿ, 30 ಮೀಟರ್ ಆಚೆಯ ಮರವೊಂದೂ ಚಿತ್ರದಲ್ಲಿದೆ. ಎರಡೂ ಬಾರಿ ಕ್ಯಾಮೆರಾ ಸಮಾನಾಂತರವಾಗಿ ಎದುರಿಗೇ ನೋಡುತ್ತಿದ್ದರೆ, ಫಿಲ್ಮಿನ ಮೇಲೆ ಶಿಲ್ಪವು ಎರಡು ಚಿತ್ರಗಳ ನಡುವೆ ಸುಮಾರು 1.08 ಮಿ.ಮೀ. ಪಲ್ಲಟವಾಗಿರುತ್ತದೆ, ಮರವು ಸುಮಾರು 0.11 ಮಿ.ಮೀ. ಮಾತ್ರ. ಲೆನ್ಸಿನ ನಾಭಿದೂರವನ್ನು (ಇಲ್ಲಿ 50 ಮಿ.ಮೀ.) ಸರಿದ ಅಂತರದಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದರೆ ಈ ಅಂಕಿಗಳು ಬರುತ್ತವೆ. ಇವೆರಡರ ವ್ಯತ್ಯಾಸವಾದ 0.97 ಮಿ.ಮೀ.ನೊಳಗೆ ಶಿಲ್ಪದಿಂದ ಮರದವರೆಗಿನ ಇಡೀ ಆಳ ಅಡಗಿದೆ. ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಹೀಗಿರುವಾಗ ಮೌಂಟಿನೊಳಗೆ ಫಿಲ್ಮ್ ಅರ್ಧ ಮಿಲಿಮೀಟರ್ ಅತ್ತಿತ್ತ ಕುಳಿತರೆ ಆಳದ ಅರ್ಧದಷ್ಟು ತಪ್ಪು ಜಾಗಕ್ಕೆ ಹೋಯಿತೆಂದೇ ಅರ್ಥ. ಒಂಟಿ ಸ್ಲೈಡಿನಲ್ಲಿ ಅದೇ ಅರ್ಧ ಮಿಲಿಮೀಟರನ್ನು ಯಾರೂ ಗಮನಿಸುವುದಿಲ್ಲ. ಮೌಂಟುಗಳನ್ನು ತಯಾರಿಸಿದವರು ಗಮನಿಸಬೇಕಾದ ಅಗತ್ಯವೂ ಇರಲಿಲ್ಲ.

ಸಾಮಾನ್ಯ ಮೌಂಟಿನ ಹೊರಅಳತೆ 50 ಮಿ.ಮೀ. ಚೌಕ. 35 ಮಿ.ಮೀ. ಫಿಲ್ಮಿನ ಮೇಲಿನ ಚಿತ್ರ 36ಕ್ಕೆ 24 ಮಿ.ಮೀ. ಇದ್ದರೆ, ಮೌಂಟಿನ ಕಿಂಡಿ ಸುಮಾರು 34ರಿಂದ 35ಕ್ಕೆ 23 ಮಿ.ಮೀ. ಮಾತ್ರ ಇರುತ್ತದೆ. ಚಿತ್ರದ ಅಂಚಿನ ಒರಟು ಗೆರೆ ಪರದೆಯ ಮೇಲೆ ಬೀಳದಿರಲೆಂದು ಕಿಂಡಿಯನ್ನು ಬೇಕೆಂದೇ ಕಿರಿದು ಮಾಡಿದ್ದಾರೆ. ಈ ಒಂದೆರಡು ಮಿಲಿಮೀಟರಿನ ಹೆಚ್ಚುವರಿ ಫಿಲ್ಮೇ ನಮಗೆ ಆಟವಾಡಲು ಸಿಗುವ ಜಾಗ. ಲ್ಯಾಬುಗಳು ಕೊಡುವ ರಟ್ಟಿನ ಮೌಂಟುಗಳು ಬಿಸಿಯೊತ್ತಡದಿಂದ ಅಂಟಿದವು. ಅವನ್ನು ಬಿಡಿಸಿದರೆ ಮತ್ತೆ ಬಳಸುವಂತಿಲ್ಲ. ಎರಡು ಹೋಳುಗಳು ಒಂದರೊಳಗೊಂದು ಒತ್ತಿ ಕೂರುವ ಪ್ಲಾಸ್ಟಿಕ್ ಮೌಂಟುಗಳನ್ನು ಎಷ್ಟು ಬಾರಿ ಬೇಕಾದರೂ ತೆರೆದು ಮುಚ್ಚಬಹುದಾದ್ದರಿಂದ ತಿದ್ದುಪಡಿಗೆ ಅವೇ ತಕ್ಕವು.

ಇಲ್ಲಿ ಕಿಟಕಿಯ ವಿಷಯ ಬರುತ್ತದೆ. ಜೋಡಿಚಿತ್ರವನ್ನು ಎರಡು ಕಣ್ಣುಗಳಿಂದ ನೋಡುವಾಗ ದೃಶ್ಯವೊಂದೇ ಅಲ್ಲ, ಅದರ ಸುತ್ತಲಿನ ಕಪ್ಪು ಚೌಕಟ್ಟೂ ಆಳದಲ್ಲಿ ಒಂದು ನಿರ್ದಿಷ್ಟ ದೂರದಲ್ಲಿ ನಿಂತಂತೆ ಕಾಣುತ್ತದೆ, ಏಕೆಂದರೆ ಎಡ ಮೌಂಟಿನ ಕಿಂಡಿಯ ಅಂಚನ್ನು ಎಡಗಣ್ಣೂ ಬಲ ಮೌಂಟಿನದನ್ನು ಬಲಗಣ್ಣೂ ನೋಡಿ, ಮಿದುಳು ಎರಡನ್ನೂ ಸೇರಿಸಿ ಒಂದೇ ಚೌಕಟ್ಟು ಮಾಡಿಕೊಳ್ಳುತ್ತದೆ. ಹಳೆಯ ತೊಟ್ಟಿಮನೆಯ ಕಿಟಕಿಯ ಮುಂದೆ ಕುಳಿತು ಅಂಗಳವನ್ನು ನೋಡಿದಂತೆ, ದೃಶ್ಯವೆಲ್ಲ ಈ ಚೌಕಟ್ಟಿನ ಆಚೆಗಿದ್ದರೆ ನೋಟ ನೆಮ್ಮದಿಯಾಗಿರುತ್ತದೆ. ಒಂದು ಕಣ್ಣು ಮುಚ್ಚಿ, ಬಳಿಕ ಇನ್ನೊಂದನ್ನು ಮುಚ್ಚಿ ಅಂಥ ಕಿಟಕಿಯನ್ನು ನೋಡಿದರೆ, ಎಡಗಣ್ಣಿಗೆ ಅಂಗಳದ ಬಲಭಾಗ ಹೆಚ್ಚು ಕಾಣುವುದೂ ಬಲಗಣ್ಣಿಗೆ ಎಡಭಾಗ ಹೆಚ್ಚು ಕಾಣುವುದೂ ತಿಳಿಯುತ್ತದೆ. ಸ್ಟೀರಿಯೊ ಮೌಂಟಿಂಗಿನ ನಿಯಮಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು.

ಸಮಾನಾಂತರವಾಗಿ ತೆಗೆದ ಎರಡು ಚಿತ್ರಗಳನ್ನು ಹಾಗೆಯೇ ಮೌಂಟಿನ ನಟ್ಟನಡುವೆ ಕೂರಿಸಿದರೆ ಆಗುವುದು ಇದಕ್ಕೆ ವಿರುದ್ಧ. ದಿಗಂತದ ಬೆಟ್ಟ ಎರಡೂ ಚಿತ್ರಗಳಲ್ಲಿ ಒಂದೇ ಸ್ಥಾನದಲ್ಲಿರುವುದರಿಂದ ಅದು ಕಿಟಕಿಯ ಚೌಕಟ್ಟಿಗೆ ಅಂಟಿಕೊಂಡಂತೆ ಕಾಣುತ್ತದೆ, ಅದಕ್ಕಿಂತ ಹತ್ತಿರದ ಸಕಲವೂ ಕಿಟಕಿಯಿಂದ ಈಚೆಗೆ, ನೋಡುವವರ ಮುಖದ ಕಡೆಗೆ ಚಾಚಿಬಿಡುತ್ತದೆ. ಹೀಗೆ ಈಚೆಗೆ ಬಂದ ಗೋಡೆಯನ್ನೋ ಕಂಬವನ್ನೋ ಅದರ ಹಿಂದಿರಬೇಕಾದ ಚೌಕಟ್ಟು ಕತ್ತರಿಸಿದಾಗ ಮಿದುಳಿಗೆ ಎರಡು ಪರಸ್ಪರ ವಿರುದ್ಧ ಸುಳಿವುಗಳು ಸಿಗುತ್ತವೆ: ವಸ್ತು ಮುಂದಿದೆ, ಆದರೂ ಹಿಂದಿನದು ಅದನ್ನು ಮರೆಮಾಡಿದೆ. ಮೊದಲ ಬಾರಿಗೆ ಸ್ಟೀರಿಯೊ ಜೋಡಿ ಮಾಡಿ ನೋಡಿದವರು “ಆಳ ಕಾಣುತ್ತದೆ, ಆದರೆ ಕಣ್ಣಿಗೆ ಏನೋ ಕಿರಿಕಿರಿ” ಎನ್ನುವುದು ಹೆಚ್ಚಾಗಿ ಇದಕ್ಕೇ. ಚಿತ್ರದ ನಡುವಿನ ಒಂದು ಚಾಚಿದ ಕೈ ಯಾವ ಅಂಚನ್ನೂ ಮುಟ್ಟದೆ ಕಿಟಕಿಯಿಂದ ಹೊರಬಂದರೆ ಅಡ್ಡಿಯಿಲ್ಲ, ಚೆಂದವೇ. ಅಂಚನ್ನು ಮುಟ್ಟುವ ವಸ್ತುವಿಗೆ, ಅದರಲ್ಲೂ ಎಡಬಲದ ಅಂಚುಗಳನ್ನು ಮುಟ್ಟುವುದಕ್ಕೆ, ಆ ಸ್ವಾತಂತ್ರ್ಯವಿಲ್ಲ.

ದೃಶ್ಯವನ್ನು ಕಿಟಕಿಯ ಆಚೆಗೆ ತಳ್ಳುವ ಉಪಾಯ ಸರಳ. ನೋಡುವ ಬದಿಯಿಂದ ಹೇಳುವುದಾದರೆ, ಎಡಗಣ್ಣಿನ ಫಿಲ್ಮನ್ನು ಅದರ ಮೌಂಟಿನೊಳಗೆ ಎಡಕ್ಕೂ ಬಲಗಣ್ಣಿನ ಫಿಲ್ಮನ್ನು ಬಲಕ್ಕೂ ಸರಿಸಬೇಕು. ಮೇಲಿನ ಉದಾಹರಣೆಯಲ್ಲಿ ಶಿಲ್ಪದ 1.08 ಮಿ.ಮೀ. ಪಲ್ಲಟವನ್ನು ಎರಡೂ ಸ್ಲೈಡುಗಳು ಹಂಚಿಕೊಂಡರೆ ಒಂದೊಂದು 0.54 ಮಿ.ಮೀ. ಸರಿಯಬೇಕು, ಆಗ ಶಿಲ್ಪ ಸರಿಯಾಗಿ ಕಿಟಕಿಯ ಸಮತಲದಲ್ಲಿಯೂ ಮರ ಅದರ ಹಿಂದೆಯೂ ನಿಲ್ಲುತ್ತವೆ. ಇನ್ನೂ ಕೂದಲೆಳೆಯಷ್ಟು ಸರಿಸಿದರೆ ಶಿಲ್ಪವೂ ಕಿಟಕಿಯ ಹಿಂದಕ್ಕೆ ಹೋಗುತ್ತದೆ. ಕಿಂಡಿ 34 ಮಿ.ಮೀ. ಅಗಲವಿದ್ದರೆ ಎರಡೂ ಪಕ್ಕಗಳಲ್ಲಿ ಒಂದೊಂದು ಮಿಲಿಮೀಟರ್ ಹೆಚ್ಚುವರಿ ಚಿತ್ರವಿರುವುದರಿಂದ ಈ ಸರಿಸುವಿಕೆ ಸಲೀಸಾಗಿ ನಡೆಯುತ್ತದೆ. 35 ಮಿ.ಮೀ. ಅಗಲವಿದ್ದರೆ ಅರ್ಧ ಮಿಲಿಮೀಟರ್ ಮಾತ್ರ ಇದ್ದು, ಸರಿಸಿದ ಮೇಲೆ ಒಳಬದಿಯಲ್ಲಿ ಎರಡು ಚಿತ್ರಗಳ ನಡುವಿನ ಕಪ್ಪು ಪಟ್ಟಿ ಇಣುಕುತ್ತದೆ. ಸ್ಲೈಡ್ ಫಿಲ್ಮಿನಲ್ಲಿ ಬೆಳಕು ಬೀಳದ ಭಾಗ ಕಪ್ಪಾಗಿಯೇ ಇರುವುದರಿಂದ ಇದೊಂದು ತಾನಾಗಿ ಒದಗಿದ ಮರೆಯೆಂದು ತೋರಬಹುದು, ಆದರೆ ಅದು ಆ ಬದಿಯ ಚೌಕಟ್ಟನ್ನು ಹಿಂದಕ್ಕೆ ಎಳೆದು ಕಿಟಕಿಯನ್ನೇ ಕೆಡಿಸುತ್ತದೆ. ಎಡ ಸ್ಲೈಡಿನ ಬಲಅಂಚಿನಲ್ಲಿ ಎಷ್ಟು ಕಪ್ಪು ಬಂದಿದೆಯೋ ಅಷ್ಟನ್ನೇ ಬಲ ಸ್ಲೈಡಿನ ಬಲಅಂಚಿನಲ್ಲೂ ಮುಚ್ಚಬೇಕಾಗುತ್ತದೆ. ಎಡಅಂಚುಗಳಿಗೂ ಇದೇ ನ್ಯಾಯ.

ಇನ್ನು ಕೈಕೆಲಸ. ಮೊದಲ ಮುಂಜಾಗ್ರತೆ ಲ್ಯಾಬಿನಲ್ಲಿಯೇ ಆಗಬೇಕು: ಫಿಲ್ಮನ್ನು ತೊಳೆದು, ಕತ್ತರಿಸದೆ, ಮೌಂಟ್ ಮಾಡದೆ ಸುರುಳಿಯಾಗಿಯೇ ಹಿಂದಿರುಗಿಸಬೇಕೆಂದು ಬರವಣಿಗೆಯಲ್ಲಿ ಕೊಡುವುದು ಉತ್ತಮ. ಎರಡು ಚಿತ್ರಗಳ ನಡುವಿನ ಪಟ್ಟಿ ಸುಮಾರು 2 ಮಿ.ಮೀ. ಮಾತ್ರ ಇರುವುದರಿಂದ ಅದರ ನಟ್ಟನಡುವೆ ಕತ್ತರಿಸುವುದು ಯಂತ್ರಕ್ಕಿಂತ ನಮ್ಮ ಕಣ್ಣಿಗೇ ಒಪ್ಪುವ ಕೆಲಸ. ಬೇಕಾಗುವ ಸಲಕರಣೆಗಳೆಂದರೆ ಬೆಳಕಿನ ಪೆಟ್ಟಿಗೆ ಅಥವಾ ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಕೆಳಗಿಟ್ಟ ಎಲ್‌ಇಡಿ ದೀಪ, ಗಡಿಯಾರ ರಿಪೇರಿಯವರು ಬಳಸುವಂಥ ಭೂತಗನ್ನಡಿ, ಹೊಸ ಬ್ಲೇಡು, ಸಣ್ಣ ಚಪ್ಪಟೆ ಅರ, ಹತ್ತಿಯ ಕೈಗವಸು, ಚಿಮಟ, ಮತ್ತು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ಮಿಲಿಮೀಟರ್ ಗ್ರಾಫ್. ಜೆರಾಕ್ಸ್ ಅಂಗಡಿಯಲ್ಲಿ ಗ್ರಾಫನ್ನು ಮುದ್ರಿಸಿಕೊಂಡಾಗ ಅದರ ಮೇಲೆ ಅಳತೆಪಟ್ಟಿ ಇಟ್ಟು ನೂರು ಮಿಲಿಮೀಟರ್ ನಿಜಕ್ಕೂ ನೂರೇ ಇದೆಯೇ ಎಂದು ನೋಡಿಕೊಳ್ಳಬೇಕು, ಮುದ್ರಣಯಂತ್ರಗಳು ಹಾಳೆಗೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುವುದುಂಟು.

ಪ್ಲಾಸ್ಟಿಕ್ ಮೌಂಟನ್ನು ತೆರೆದು ನೋಡಿದರೆ ಒಂದು ಹೋಳಿನಲ್ಲಿ ಫಿಲ್ಮ್ ಕೂರುವ ಆಳವಿಲ್ಲದ ತಗ್ಗು ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಫಿಲ್ಮಿನ ಅಂಚಿನ ರಂಧ್ರಗಳೊಳಗೆ ಹೋಗುವ ಸಣ್ಣ ಪಿನ್ನುಗಳಿರುತ್ತವೆ, ಇನ್ನು ಕೆಲವದರಲ್ಲಿ ತುಣುಕಿನ ಎರಡು ಪಕ್ಕಗಳನ್ನು ತಡೆಯುವ ಏಣುಗಳಿರುತ್ತವೆ. ಪಿನ್ನಿದ್ದರೆ ಒಂದು ಅನುಕೂಲವುಂಟು: ಎರಡೂ ಸ್ಲೈಡುಗಳು ರಂಧ್ರಗಳ ಲೆಕ್ಕದಲ್ಲಿ ಒಂದೇ ಎತ್ತರದಲ್ಲಿ ಕೂರುತ್ತವೆ. ಆದರೆ ರಂಧ್ರದಿಂದ ರಂಧ್ರಕ್ಕೆ 4.75 ಮಿ.ಮೀ. ಅಂತರವಿರುವುದರಿಂದ ಅವು ನಮಗೆ ಬೇಕಾದ ಅರ್ಧ ಮಿಲಿಮೀಟರಿನ ಪಕ್ಕಚಲನೆಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಪಿನ್ನುಗಳನ್ನೂ ಪಕ್ಕದ ಏಣುಗಳನ್ನೂ ಬ್ಲೇಡಿನಿಂದ ಕೆತ್ತಿ, ಅರದಿಂದ ನಯಮಾಡಬೇಕು. ಮೇಲಿನ ಮತ್ತು ಕೆಳಗಿನ ಏಣುಗಳನ್ನು ಮಾತ್ರ ಮುಟ್ಟಕೂಡದು. ಫಿಲ್ಮ್ ಅವುಗಳ ನಡುವೆ ರೈಲಿನಂತೆ ಸರಿಯಬೇಕು. ಹೊರಚೌಕದ ಅಂಚುಗಳನ್ನು ಅರದಿಂದ ಉಜ್ಜಿ ಮೌಂಟನ್ನೇ ಸರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪ್ರೊಜೆಕ್ಟರಿನಲ್ಲಿ ಸ್ಲೈಡ್ ನಿಲ್ಲುವುದು ಆ ಅಂಚುಗಳ ಆಧಾರದಿಂದಲೇ ಆದುದರಿಂದ, ಅಲ್ಲಿ ಉಜ್ಜಿದ್ದು ಪ್ರತಿ ಯಂತ್ರದಲ್ಲಿಯೂ ಬೇರೆ ಬೇರೆ ರೀತಿಯ ತಪ್ಪಾಗಿ ಹೊರಬರುತ್ತದೆ. ಉಜ್ಜುವ ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಪುಡಿಯನ್ನು ಒರೆಸಿ ತೆಗೆಯದೆ ಫಿಲ್ಮನ್ನು ಒಳಗಿಡಬಾರದು.

ತುಣುಕುಗಳನ್ನು ಹೊಳಪಿನ ಬದಿ ನೋಡುವವರ ಕಡೆಗೆ ಬರುವಂತೆ ಇಟ್ಟು, ಎರಡೂ ಮೌಂಟುಗಳನ್ನು ಗ್ರಾಫಿನ ಮೇಲೆ ಪಕ್ಕಪಕ್ಕದಲ್ಲಿ ಕೂರಿಸಿ, ದೃಶ್ಯದ ಅತ್ಯಂತ ಹತ್ತಿರದ ಬಿಂದುವೊಂದನ್ನು ಗುರುತಿಸಬೇಕು. ಕಿಂಡಿಯ ಎಡಅಂಚಿನಿಂದ ಆ ಬಿಂದುವಿಗಿರುವ ದೂರವನ್ನು ಎರಡರಲ್ಲೂ ಅಳೆಯಬೇಕು. ಎರಡೂ ಸಮವಾಗಿದ್ದರೆ ಬಿಂದು ಕಿಟಕಿಯ ಸಮತಲದಲ್ಲಿದೆ. ಬಲ ಸ್ಲೈಡಿನ ದೂರ ಹೆಚ್ಚಿದ್ದರೆ ಬಿಂದು ಕಿಟಕಿಯ ಹಿಂದಿದೆ, ನಮಗೆ ಬೇಕಾದದ್ದು ಅದೇ. ಎಡ ಸ್ಲೈಡಿನ ದೂರ ಹೆಚ್ಚಿದ್ದರೆ ಬಿಂದು ಮುಂದೆ ಚಾಚಿದೆ, ಇನ್ನಷ್ಟು ಸರಿಸಬೇಕು. ಫಿಲ್ಮನ್ನು ಸರಿಸಿಯೂ ಸಾಲದಾದಾಗ ಉಳಿದಿರುವ ದಾರಿ ಮರೆಪಟ್ಟಿ: ಎಡ ಸ್ಲೈಡಿನ ಎಡಅಂಚನ್ನೂ ಬಲ ಸ್ಲೈಡಿನ ಬಲಅಂಚನ್ನೂ ಬೇಕಾದಷ್ಟು ಮುಚ್ಚಿದರೆ ಕಿಟಕಿಯೇ ನಮ್ಮ ಕಡೆಗೆ ಬರುತ್ತದೆ. ಇದಕ್ಕೆ ತೆಳುವಾದ ಅಲ್ಯೂಮಿನಿಯಂ ಟೇಪು ಯೋಗ್ಯ, ಅದರಲ್ಲಿ ಬೆಳಕು ಸ್ವಲ್ಪವೂ ದಾಟುವುದಿಲ್ಲ, ಬ್ಲೇಡಿನ ಅಂಚೂ ಚೊಕ್ಕವಾಗಿ ಬರುತ್ತದೆ. ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು ದೀಪದ ಶಾಖಕ್ಕೆ ಗೋಂದು ಬಿಟ್ಟು ಫಿಲ್ಮಿಗೆ ಹರಡುವುದರಿಂದ ಅದನ್ನು ದೂರವೇ ಇಡಬೇಕು. ಟೇಪನ್ನು ಅಂಟಿಸುವುದು ಮೌಂಟಿನ ಪ್ಲಾಸ್ಟಿಕ್ಕಿಗೆ, ಚಿತ್ರಕ್ಕಲ್ಲ.

ಪಕ್ಕಚಲನೆಗಿಂತ ಎತ್ತರದ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು. ಕಣ್ಣುಗಳು ದಿನವಿಡೀ ಒಳಕ್ಕೂ ಹೊರಕ್ಕೂ ತಿರುಗುತ್ತ ಹತ್ತಿರದೂರಗಳಿಗೆ ಹೊಂದಿಕೊಳ್ಳುತ್ತಿರುತ್ತವೆ, ಆದರೆ ಒಂದು ಕಣ್ಣು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೋಡುವ ಅಭ್ಯಾಸ ನಮಗಿಲ್ಲ. ಸ್ಲೈಡುಗಳನ್ನು ಕಣ್ಣಿಗೆ ಹಿಡಿದು ನೋಡುವ, 50 ಮಿ.ಮೀ. ನಾಭಿದೂರದ ಮಸೂರವಿರುವ ಕೈವೀಕ್ಷಕದಲ್ಲಿ ಫಿಲ್ಮಿನ ಮೇಲಿನ 0.1 ಮಿ.ಮೀ. ಏರುಪೇರು ಕೋನದಲ್ಲಿ ಸುಮಾರು 7 ನಿಮಿಷಗಳಷ್ಟಾಗುತ್ತದೆ (ಇಲ್ಲಿ ನಿಮಿಷವೆಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ). ಅದರೊಳಗೆ ನಿಲ್ಲಿಸುವುದನ್ನು ಗುರಿಯಾಗಿಟ್ಟುಕೊಳ್ಳಬೇಕು. ಹೊಯ್ಸಳ ದೇವಾಲಯಗಳನ್ನು ತೆಗೆಯುವವರಿಗೆ ಇಲ್ಲೊಂದು ಸಹಾಯವಿದೆ: ಹಳೇಬೀಡಿನ ಗೋಡೆಯ ತಳದಲ್ಲಿ ಹರಿದ ಆನೆಗಳ ಸಾಲಿನಂಥ ಪಟ್ಟಿಕೆಯ ಗೆರೆಗಳನ್ನು ಗ್ರಾಫಿನ ಅಡ್ಡಗೆರೆಗೆ ಹೋಲಿಸಿ ನೋಡಬಹುದು. ಆದರೆ ನಕ್ಷತ್ರಾಕಾರದ ಗೋಡೆ ಕ್ಯಾಮೆರಾದಿಂದ ಒಂದೊಂದು ಕಡೆ ಒಂದೊಂದು ದೂರದಲ್ಲಿರುವುದರಿಂದ, ಆ ಗೆರೆ ಅಡ್ಡಗೆರೆಗೆ ಸಮನಾಗಿದೆಯೇ ಎಂಬುದಕ್ಕಿಂತ, ಒಂದೇ ಆನೆಯ ಕಣ್ಣು ಎರಡೂ ಸ್ಲೈಡುಗಳಲ್ಲಿ ಒಂದೇ ಎತ್ತರದಲ್ಲಿದೆಯೇ ಎಂದು ಚಿತ್ರದ ಎಡ, ನಡು, ಬಲ ಮೂರೂ ಕಡೆ ಪರೀಕ್ಷಿಸುವುದೇ ಸರಿ. ಎಡದಲ್ಲಿ ಮೇಲೆ, ಬಲದಲ್ಲಿ ಕೆಳಗೆ ಎಂದು ಬಂದರೆ ಒಂದು ತುಣುಕು ವಾರೆಯಾಗಿದೆ. ಕೈಯಲ್ಲಿ ಹಿಡಿದು ತೆಗೆದ ಜೋಡಿಗಳಲ್ಲಿ ಇದು ತೀರ ಸಾಮಾನ್ಯ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಪಡೆಯಬೇಕಾದ್ದರಿಂದ ನಮ್ಮಲ್ಲಿ ಹೆಚ್ಚಿನವರ ಜೋಡಿಗಳು ಕೈಹಿಡಿತದವೇ. ಏಣುಗಳ ನಡುವೆ ಫಿಲ್ಮಿಗಿರುವ ಅಲ್ಪ ಸಡಿಲಿಕೆಯಲ್ಲಿಯೇ ವಾರೆಯನ್ನು ತಿದ್ದಿ, ರಂಧ್ರಗಳಿರುವ ಅಂಚಿಗೆ ಚಿಕ್ಕ ಟೇಪಿನ ತುಂಡು ಹಾಕಿ ನಿಲ್ಲಿಸಿ ಮೌಂಟನ್ನು ಮುಚ್ಚಬೇಕು.

ಮೌಂಟ್ ಎಲ್ಲವನ್ನೂ ಸರಿಪಡಿಸುವುದಿಲ್ಲ. ಎರಡನೆಯ ಚಿತ್ರ ತೆಗೆಯುವಾಗ ಶಿಲ್ಪವನ್ನು ನಡುವಿಗೆ ತರಲೆಂದು ಕ್ಯಾಮೆರಾವನ್ನು ಒಳಕ್ಕೆ ತಿರುಗಿಸಿದ್ದರೆ ಎರಡು ಚಿತ್ರಗಳ ಆಕಾರಗಳೇ ಬೇರೆಯಾಗುತ್ತವೆ. ಒಂದರಲ್ಲಿ ಎಡಬದಿ ಎತ್ತರ, ಇನ್ನೊಂದರಲ್ಲಿ ಬಲಬದಿ ಎತ್ತರ; ಇದನ್ನು ಸರಿಸಿಯೂ ತಿರುಗಿಸಿಯೂ ಹೊಂದಿಸಲಾಗದು. ಇನ್ನೊಂದು ಮಿತಿ ಆಳದ ಒಟ್ಟು ಮೊತ್ತದ್ದು. ಫಿಲ್ಮಿನ ಮೇಲೆ ಹತ್ತಿರದ ಮತ್ತು ದೂರದ ಬಿಂದುಗಳ ಪಲ್ಲಟದ ವ್ಯತ್ಯಾಸ ಸುಮಾರು 1.2 ಮಿ.ಮೀ. ಮೀರಬಾರದೆಂಬುದು 35 ಮಿ.ಮೀ. ಸ್ಟೀರಿಯೊದಲ್ಲಿ ಬಹುಕಾಲದಿಂದ ನಡೆದುಬಂದ ಕಟ್ಟಳೆ. ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿಯಲ್ಲಿ ವೀರನಾರಾಯಣ ದೇವಾಲಯದ ಮಂಟಪದೊಳಗೆ ಹೊಳೆಯುವ ಕಂಬಗಳ ಸಾಲನ್ನು ನೋಡಿದ ಯಾರಿಗಾದರೂ ಸ್ಟೀರಿಯೊ ತೆಗೆಯಬೇಕೆನಿಸುವುದು ಸಹಜ. ಆದರೆ 50 ಮಿ.ಮೀ. ಲೆನ್ಸಿಗೆ ಒಂದು ಕಂಬ ಒಂದೂವರೆ ಮೀಟರ್ ದೂರದಲ್ಲಿ, ಹಿನ್ನೆಲೆ 20 ಮೀಟರ್ ಆಚೆಗೆ ಇದ್ದರೆ, 65 ಮಿ.ಮೀ. ಸರಿದಾಗ ವ್ಯತ್ಯಾಸ 2 ಮಿ.ಮೀ. ಆಗಿಬಿಡುತ್ತದೆ. ಕಂಬವನ್ನು ನೋಡುವಾಗ ಹಿನ್ನೆಲೆ ಎರಡಾಗಿ ಒಡೆಯುತ್ತದೆ, ಹಿನ್ನೆಲೆಯನ್ನು ನೋಡುವಾಗ ಕಂಬ. ಅಲ್ಲಿ ಎರಡು ಹೆಜ್ಜೆ ಹಿಂದೆ ಸರಿಯುವುದೋ ಕ್ಯಾಮೆರಾವನ್ನು ಕಡಿಮೆ ಸರಿಸುವುದೋ ಪರಿಹಾರವೇ ಹೊರತು ಮೌಂಟಿನಲ್ಲಿ ಪರಿಹಾರವಿಲ್ಲ. ಅತ್ಯಂತ ಹತ್ತಿರದ ವಸ್ತುವಿನ ದೂರದ ಮೂವತ್ತನೆಯ ಒಂದು ಭಾಗದಷ್ಟು ಸರಿಯಬೇಕೆಂಬ ರೂಢಿಯ ಸೂತ್ರವನ್ನು ಹಿಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆ ಲೆಕ್ಕದಲ್ಲಿ 40 ಸೆಂ.ಮೀ. ದೂರದ ಕಾಫಿ ಹೂವಿನ ಗೊಂಚಲಿಗೆ 13 ಮಿ.ಮೀ. ಸಾಕು, ಮುಳ್ಳಯ್ಯನಗಿರಿಯ ದಾರಿಯಲ್ಲಿ 300 ಮೀಟರ್ ಆಚೆಯ ಗುಡ್ಡದಿಂದ ಆರಂಭವಾಗುವ ದೃಶ್ಯಕ್ಕೆ 10 ಮೀಟರ್ ನಡೆಯಬೇಕು. ಆ ಹತ್ತು ಮೀಟರ್ ನಡೆಯುವಷ್ಟರಲ್ಲಿ ಮೋಡ ಸರಿದುಹೋಗಿರುತ್ತದೆ ಎಂಬುದು ಬೇರೆ ಮಾತು.

1947ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾದ ತಯಾರಕರು ಈ ಕಿಟಕಿಯ ಸಮಸ್ಯೆಗೆ ಬೇರೆ ಬಗೆಯ ಉತ್ತರ ಕೊಟ್ಟಿದ್ದರು. ಎರಡೂ ಚಿತ್ರಗಳನ್ನು ಸುಮಾರು 101ಕ್ಕೆ 41 ಮಿ.ಮೀ. ಅಳತೆಯ ಒಂದೇ ಮೌಂಟಿನಲ್ಲಿ ಇಟ್ಟು, ಸಾಮಾನ್ಯ, ಮಧ್ಯಮ ಮತ್ತು ಸಮೀಪದ ದೃಶ್ಯಗಳಿಗೆ ಕಿಂಡಿಗಳ ಅಂತರ ಬೇರೆ ಬೇರೆಯಾಗಿರುವ ಮೌಂಟುಗಳನ್ನು ಒದಗಿಸಿದರು. ನಾವು ಅರ ಹಿಡಿದು ಮಾಡುವುದನ್ನು ಅವರು ಅಚ್ಚಿನಲ್ಲಿಯೇ ಮಾಡಿಟ್ಟಿದ್ದರು ಎನ್ನಬಹುದು. 50 ಮಿ.ಮೀ.ನ ಎರಡು ಬಿಡಿ ಮೌಂಟುಗಳನ್ನು ಅಂಟಿಸಿ ಅಂಥ ಒಂದು ಜೋಡಿಮೌಂಟ್ ಮಾಡುವ ಆಸೆ ಹುಟ್ಟಬಹುದು. ಒತ್ತಿ ಇಟ್ಟರೆ ಚಿತ್ರಗಳ ನಡುಬಿಂದುಗಳ ಅಂತರ 50 ಮಿ.ಮೀ. ಮಾತ್ರ ಆಗುವುದರಿಂದ, ನಡುವೆ ಸುಮಾರು 13 ಮಿ.ಮೀ. ಅಗಲದ ರಟ್ಟಿನ ಪಟ್ಟಿ ಸೇರಿಸಿ ಕಣ್ಣುಗಳ ಅಂತರದ ಹತ್ತಿರಕ್ಕೆ ತರಬೇಕಾಗುತ್ತದೆ.

ಪರದೆಯ ಮೇಲೆ ತೋರಿಸುವುದಾದರೆ ಎರಡು ಪ್ರೊಜೆಕ್ಟರುಗಳು, ಪರಸ್ಪರ ಲಂಬವಾಗಿ ತಿರುಗಿಸಿದ ಎರಡು ಧ್ರುವೀಕರಣ ಫಿಲ್ಟರುಗಳು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥವು), ನೋಡುವವರಿಗೆ ಅಂಥವೇ ಕನ್ನಡಕಗಳು ಮತ್ತು ಬೆಳ್ಳಿಲೇಪದ ಪರದೆ ಬೇಕು. ಸಾಮಾನ್ಯ ಬಿಳಿಯ ಗೋಡೆ ಬೆಳಕಿನ ಧ್ರುವೀಕರಣವನ್ನು ಕೆಡಿಸಿಬಿಡುತ್ತದೆ. 36 ಮಿ.ಮೀ. ಚಿತ್ರವನ್ನು 1.8 ಮೀಟರ್ ಅಗಲಕ್ಕೆ ಹಿಗ್ಗಿಸಿದರೆ ಅದು 50 ಪಟ್ಟು. ಹತ್ತಿರದ ಬಿಂದುವನ್ನು ಪರದೆಯ ಸಮತಲದಲ್ಲಿ ನಿಲ್ಲಿಸಿದಾಗ, ಫಿಲ್ಮಿನ ಮೇಲಿನ 1.2 ಮಿ.ಮೀ. ವ್ಯತ್ಯಾಸ ದೂರದ ಬೆಟ್ಟದ ಎರಡು ಬಿಂಬಗಳನ್ನು ಪರದೆಯ ಮೇಲೆ 60 ಮಿ.ಮೀ. ದೂರ ಮಾಡುತ್ತದೆ. ಕಣ್ಣುಗಳ ನಡುವಿನ 65 ಮಿ.ಮೀ. ದಾಟಿದರೆ ಅವು ಹೊರಕ್ಕೆ ತಿರುಗಬೇಕಾಗುತ್ತದೆ. ಮನುಷ್ಯನ ಕಣ್ಣು ಅದನ್ನು ಒಪ್ಪುವುದಿಲ್ಲ. ಚಿಕ್ಕ ಪರದೆಯಲ್ಲಿ ಹಿತವಾಗಿದ್ದ ಜೋಡಿ ದೊಡ್ಡ ಸಭಾಂಗಣದಲ್ಲಿ ಕಾಡುವುದು ಇದರಿಂದಲೇ. ಜೋಡಿಯ ಎರಡಕ್ಕೂ ಒಂದೇ ತಯಾರಿಕೆಯ, ಒಂದೇ ದಪ್ಪದ ಮೌಂಟುಗಳಿರಬೇಕು, ಇಲ್ಲವಾದರೆ ಫೋಕಸ್ ಒಂದಕ್ಕೆ ಕೂಡಿ ಬಂದಾಗ ಇನ್ನೊಂದಕ್ಕೆ ತಪ್ಪುತ್ತದೆ. ಸರಿಯಾಗಿ ಕಾಣುವಂತೆ ಹಿಡಿದಾಗ ಎಡಗಡೆಯ ಕೆಳಮೂಲೆಗೆ ಬರುವಂತೆ ಗುರುತಿನ ಚುಕ್ಕೆ ಇಟ್ಟು, ಪಕ್ಕದಲ್ಲಿ ‘ಎ’ ಅಥವಾ ‘ಬ’ ಎಂದು ಬರೆದು, ಎರಡಕ್ಕೂ ಒಂದೇ ಸಂಖ್ಯೆ ಹಾಕುವುದು ಅತ್ಯಗತ್ಯ. ಎಡಬಲಗಳು ಅದಲುಬದಲಾದರೆ ಆಳ ತಲೆಕೆಳಗಾಗುತ್ತದೆ: ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತೋರುತ್ತದೆ.

ಗಾಜಿನ ಮೌಂಟುಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳವರು ಪ್ರತ್ಯೇಕವಾಗಿ ಯೋಚಿಸಬೇಕು. ಎರಡು ಗಾಜುಗಳ ನಡುವೆ ಫಿಲ್ಮ್ ಚಪ್ಪಟೆಯಾಗಿ ನಿಲ್ಲುತ್ತದೆ, ದೀಪದ ಶಾಖಕ್ಕೆ ಉಬ್ಬುವುದಿಲ್ಲ, ಹೊಂದಿಸಿದ ಸ್ಥಾನದಿಂದ ಕದಲುವುದೂ ಇಲ್ಲ. ಸ್ಟೀರಿಯೊಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಒಣಹವೆಯ ದೇಶಗಳಲ್ಲಿ ಹೇಳಿದರೆ ಒಪ್ಪಬಹುದು. ಸಕಲೇಶಪುರದ, ಮೂಡಿಗೆರೆಯ ಮಳೆಗಾಲದಲ್ಲಿ ಮುಚ್ಚಿದ ಗಾಜಿನ ಮೌಂಟಿನೊಳಗೆ ಸಿಕ್ಕಿಬಿದ್ದ ತೇವ ಹೊರಹೋಗುವ ದಾರಿಯಿಲ್ಲದೆ ಉಳಿದು, ಫಿಲ್ಮಿನ ಜಿಲೆಟಿನ್ ಪದರವನ್ನೇ ಆಹಾರ ಮಾಡಿಕೊಂಡು ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಎಳೆಗಳು ಎರಡು ಸ್ಲೈಡುಗಳಲ್ಲಿ ಬೇರೆ ಬೇರೆ ಕಡೆ ಇರುವುದರಿಂದ ಸ್ಟೀರಿಯೊದಲ್ಲಿ ಅವು ಗಾಳಿಯಲ್ಲಿ ತೇಲುವ ಜೇಡರಬಲೆಯಂತೆ ಎದ್ದು ಕಾಣುತ್ತವೆ, ಒಂಟಿ ಚಿತ್ರದಲ್ಲಿ ಇಷ್ಟು ಕಾಡುವುದಿಲ್ಲ. ನಯವಾದ ಗಾಜಿಗೆ ಫಿಲ್ಮ್ ತಾಗಿದಲ್ಲಿ ಮೂಡುವ ಬಣ್ಣಬಣ್ಣದ ನ್ಯೂಟನ್ ಉಂಗುರಗಳ ಕಾಟವೂ ಇದೆ, ಅದಕ್ಕೆಂದೇ ಸೂಕ್ಷ್ಮವಾಗಿ ಒರಟು ಮಾಡಿದ ಗಾಜು ಬೇಕಾಗುತ್ತದೆ. ಆದ್ದರಿಂದ ಮಲೆನಾಡಿನ ಅಂಚಿನಲ್ಲಿರುವವರಿಗೆ ಗಾಜಿಲ್ಲದ ಮೌಂಟುಗಳೇ ಲೇಸು ಎಂಬುದು ನನ್ನ ನಿಲುವು. ಪ್ರೊಜೆಕ್ಟರಿನಲ್ಲಿ ಫಿಲ್ಮ್ ತುಸು ಉಬ್ಬಿದರೂ ಬೂಷ್ಟು ತಿನ್ನುವುದಕ್ಕಿಂತ ಮೇಲು. ತಿದ್ದಿ ಮುಚ್ಚುವ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗಿನ ಒಣ ದಿನಗಳಲ್ಲಿ ಮುಗಿಸಿಕೊಂಡು, ಜೂನ್ ಹಿಡಿಯುವ ಮೊದಲು ಪೆಟ್ಟಿಗೆಯಲ್ಲಿ ತೇವ ಹೀರಲೆಂದು ಇಟ್ಟ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು. ಮಳೆಗಾಲದಲ್ಲಿ ತೆಗೆದ ಫಿಲ್ಮನ್ನು ಪಟ್ಟಿಯಾಗಿಯೇ ಒಣ ಡಬ್ಬಿಯಲ್ಲಿಟ್ಟು, ಕತ್ತರಿಸುವುದನ್ನು ಚಳಿಗಾಲಕ್ಕೆ ಮುಂದೂಡಬಹುದು.